ಸೀಟು ಜ್ಯೋತಿಷಿ

ನಮ್ಮ ಸಂಜೆಯ ಬಸ್ಸಿನಲ್ಲಿ ಸೀಟು ಜ್ಯೋತಿಷಿ ಎಂದರೆ ಎಲ್ಲರಿಗೂ ಗೊತ್ತು, ಅವನ ಹೆಸರು ಮಾತ್ರ ಯಾರಿಗೂ ಗೊತ್ತಿಲ್ಲ. ಹತ್ತಿದವನೇ ಕೂತವರ ಮುಖಗಳನ್ನೆಲ್ಲ ಒಮ್ಮೆ ಓದಿಬಿಡುತ್ತಾನೆ. ಫೋನು ಜೇಬಿಗಿಟ್ಟವರು, ಚೀಲದ ಜಿಪ್ಪು ಎಳೆದವರು, ಕಾಲಲ್ಲೇ ಚಪ್ಪಲಿ ಹುಡುಕುವವರು ಕಣ್ಣಿಗೆ ಬಿದ್ದರೆ ಮುಗಿಯಿತು, ಹೋಗಿ ಅವರ ಪಕ್ಕಕ್ಕೆ ಅಂಟಿಕೊಂಡು ನಿಲ್ಲುತ್ತಾನೆ. "ಇಳೀತೀರಲ್ಲ?" ಎಂದು ಅವನು ಕೇಳುವ ಧಾಟಿಗೆ, ಇಳಿಯುವ ಯೋಚನೆಯೇ ಇಲ್ಲದವರೂ ಅರ್ಧ ಏಳುತ್ತಾರೆ. ಸೀಟು ಸಿಕ್ಕ ಮೇಲಾದರೂ ಕೂರುತ್ತಾನೋ, ಅದೂ ಇಲ್ಲ. ಅದರ ಮೇಲೆ ತನ್ನ ಚೀಲವನ್ನು ಕೂರಿಸಿ ತಾನು ಕಾವಲು ನಿಲ್ಲುತ್ತಾನೆ. "ಚೀಲಕ್ಕೂ ಟಿಕೆಟ್ ತಗೊಂಡಿದ್ದೀರಾ?" ಎಂದು ಕಂಡಕ್ಟರ್ ರೇಗಿದರೆ, "ಜನ ಬರ್ತಾರೆ ಸಾರ್, ಬಂದೇಬಿಟ್ರು" ಎಂದು ಹಲ್ಲು ಕಿರಿಯುತ್ತಾನೆ. ನಿಂತು ನಿಂತು ಕಾಲು ನೋಯುವ ನಾನೂ ಮನಸ್ಸಿನಲ್ಲೇ ಅವನ ಜನ್ಮ ಜಾಲಾಡಿದ್ದೇನೆ. ಮಾರ್ಕೆಟ್ ಸ್ಟಾಪಿನಲ್ಲಿ ಹತ್ತುವವಳು ಅವನ ಹೆಂಡತಿ, ಬೆಳಗಿನಿಂದ ಬಟ್ಟೆ ಅಂಗಡಿಯ ಕೌಂಟರಿನ ಹಿಂದೆ ನಿಂತೇ ಇದ್ದವಳು. "ಎಷ್ಟೊತ್ತೇ ನಿಂದು?" ಎಂದು ಗದರಿ ಚೀಲ ಎತ್ತಿಕೊಳ್ಳುತ್ತಾನೆ. "ಸಾಕು ಸುಮ್ನಿರಿ, ಬಸ್ಸು ನಿಮ್ಮಪ್ಪಂದಾ?" ಎನ್ನುತ್ತ ಅವಳು ಕೂತು, ಚಪ್ಪಲಿ ಕಳಚಿ, ಮುಂದಿನ ಸ್ಟಾಪು ಬರುವುದರೊಳಗೆ ನಿದ್ದೆ ಹೋಗುತ್ತಾಳೆ. ಬಸ್ಸು ಕುಲುಕಿದಾಗಲೆಲ್ಲ ಅವಳ ತಲೆ ಪಕ್ಕದ ಕಂಬಿಯತ್ತ ವಾಲುತ್ತದೆ. ನಿನ್ನೆ ಅವನ ಬೆನ್ನ ಹಿಂದಿನ ಸೀಟೇ ಖಾಲಿಯಾಯಿತು. "ಕೂತ್ಕೊಳ್ರೀ, ನಿಮ್ಮ ಅದೃಷ್ಟ" ಎಂದೆ. "ನೀವೇ ಕೂತ್ಕೊಳ್ಳಿ" ಎಂದ ಜ್ಯೋತಿಷಿ, ತಿರುಗಿಯೂ ನೋಡದೆ. ಕಂಬಿಗೂ ಅವಳ ತಲೆಗೂ ನಡುವೆ ಅವನ ಅಂಗೈ ಇತ್ತು.