ಬೊಗಸೆಗೆ ಸುರಿದ ನೀರು

ಕಾಲೇಜಿನಲ್ಲಿ ನಾನು ಕಲಿಸುವ ಹೊಸ ಕೋರ್ಸಿನ ಹೆಸರನ್ನು ಒಂದೇ ಉಸಿರಿಗೆ ಹೇಳಲು ನನಗೆ ಇನ್ನೂ ಬಂದಿಲ್ಲ. 'ಸಾಮಾಜಿಕ ನ್ಯಾಯ ಮತ್ತು ಸಮುದಾಯದೊಡನೆ ಕಲಿಕೆ' ಎಂದು ಅದರ ಹೆಸರು; 'ನ್ಯಾಯ'ದ ಹತ್ತಿರ ಒಮ್ಮೆ ನಿಂತು ದಮ್ಮು ಎಳೆದುಕೊಳ್ಳಬೇಕು. ಇತಿಹಾಸದ ಮೇಷ್ಟರಿಗೆ ಬೇರೆ ಕೆಲಸವಿಲ್ಲವೆಂದು ಆಂಧ್ರದ ಆದೋನಿಯ ನಮ್ಮ ಸ್ಟಾಫ್ ರೂಮು ಒಮ್ಮತದಿಂದ ತೀರ್ಮಾನಿಸಿ, ಅದನ್ನು ನನ್ನ ಕೊರಳಿಗೆ ಕಟ್ಟಿತು. ವಿದ್ಯಾರ್ಥಿಗಳು ಹಳ್ಳಿಗೆ ಹೋಗಿ ಜನರ ಜೊತೆ ಕೂತು ಕಲಿಯಬೇಕು. ಮೇಷ್ಟರೂ ಕಲಿಯಬೇಕೆಂದು ಎಲ್ಲೂ ಹೇಳಿಲ್ಲವಾದ್ದರಿಂದ ನಾನು ನೆಮ್ಮದಿಯಾಗಿ ಹೊರಟೆ.

ಹೋದದ್ದು ಹಾಲಹರವಿ ಕಡೆಯ ಒಂದು ಹಳ್ಳಿಗೆ, ಶೇರ್ ಆಟೋದಲ್ಲಿ, ಯಾರದೋ ಬ್ಯಾಗು ನನ್ನ ತೊಡೆಯ ಮೇಲೆ, ಯಾರದೋ ಮೊಣಕೈ ನನ್ನ ಪಕ್ಕೆಯಲ್ಲಿ. ನಮ್ಮ ಮುಂದಾಳು ಸುಂಕಮ್ಮ. ಚಿಪ್ಪಗಿರಿ ಕಡೆಯ ಹುಡುಗಿ. ಪರೀಕ್ಷೆ ಬರೆಯುವುದು ತೆಲುಗಿನಲ್ಲಿ, ಜಗಳವಾಡುವುದು ಕನ್ನಡದಲ್ಲಿ. ತರಗತಿಯಲ್ಲಿ ಅವಳ ಪ್ರಶ್ನೆಗೆ ಹೆದರಿ ನಾನು ಎಷ್ಟೋ ಸಲ ಗಡಿಯಾರ ನೋಡಿದ್ದೇನೆ.

ಊರಿನ ದೊಡ್ಡ ಮನೆಯ ಈರಮ್ಮ ನಮ್ಮನ್ನು ಕರೆದು ಕಟ್ಟೆಯ ಮೇಲೆ ಕೂಡಿಸಿದರು. ನಗುಮುಖದ ಹೆಂಗಸು. ಒಬ್ಬೊಬ್ಬರನ್ನೇ ಮಾತಾಡಿಸುತ್ತ ಸುಂಕಮ್ಮನ ಹತ್ತಿರ ಬಂದು, "ಯಾವೂರವ್ವ ನಿಂದು? ಯಾರ ಪೈಕಿ?" ಎಂದರು. ಅವಳು ಊರು, ಅಜ್ಜನ ಹೆಸರು, ಕೇರಿ ಎಲ್ಲ ಹೇಳಿದಳು. ಎಷ್ಟು ಅಕ್ಕರೆಯ ವಿಚಾರಣೆ ಎಂದು ನಾನು ತಲೆದೂಗಿದೆ.

ಆಮೇಲೆ ನೀರು ಬಂತು. ನಮಗೆಲ್ಲ ತಟ್ಟೆಯಲ್ಲಿ ಸ್ಟೀಲಿನ ಗ್ಲಾಸು. ಸುಂಕಮ್ಮನ ಮುಂದೆ ಮಾತ್ರ ಈರಮ್ಮ ಚೊಂಬು ಎತ್ತಿ ಹಿಡಿದರು. ಅವಳು ಕಟ್ಟೆಯಿಂದಿಳಿದು, ಬಗ್ಗಿ, ಬೊಗಸೆಯೊಡ್ಡಿದಳು. ಗ್ಲಾಸು ಸಾಲದೆ ಹೋಗಿರಬೇಕು ಎಂದುಕೊಂಡೆ. ಅಷ್ಟಕ್ಕೇ ಸುಮ್ಮನಿದ್ದರೆ ನಾನು ಮೇಷ್ಟರು ಹೇಗಾದೇನು? ಹುಡುಗರ ಕಡೆ ತಿರುಗಿ ಪಾಠ ಶುರುಮಾಡಿದೆ: ಶಾಸನಗಳಲ್ಲಿ ಭೂಮಿ ಕೊಡುವಾಗ ಕೈಗೆ ನೀರು ಎರೆಯುತ್ತಿದ್ದರು, ಇಂದಿಗೂ ಮದುವೆಯಲ್ಲಿ ಧಾರೆಯೆನ್ನುವುದು ಅದನ್ನೇ, ಇದೆಷ್ಟು ಪುರಾತನ ಸಂಪ್ರದಾಯ ನೋಡಿ!

"ಭಲೇ ಉಂದಿ ಸಾರ್!" ಎಂದು ತೆಲುಗಿನಲ್ಲಿ ಮೆಚ್ಚಿಕೊಂಡ ಪಟ್ಟಣದ ಹುಡುಗರು ಗ್ಲಾಸು ಕೆಳಗಿಟ್ಟು ಬೊಗಸೆಯೊಡ್ಡಿ ಸಾಲಾಗಿ ನಿಂತರು. ಒಬ್ಬ ಫೋಟೋಕ್ಕೆ ಫೋನೂ ತೆಗೆದ.

ಈರಮ್ಮ ಹೌಹಾರಿದರು. "ಅಯ್ಯಯ್ಯ ಶಿವನೇ! ನೀವ್ಯಾಕ ಕೈ ಒಡ್ಡತೀರಪಾ? ನಿಮಗ ಗಲಾಸು ಕೊಟ್ಟೀನಲ್ಲ. ಆಕಿದು ಬ್ಯಾರೆ!"

ಆಗ ನನಗೆ ಹೊಳೆಯಿತು. ಅಸ್ಪೃಶ್ಯತೆ ಎಂಬ ಪದವನ್ನು ಒತ್ತಕ್ಷರ ತಪ್ಪದಂತೆ ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೆನೋ! ಅದು ಕಣ್ಣೆದುರಿಗೇ ಬಂದು ನಿಂತಾಗ ಶಾಸನದ ಪಾಠ ಹೇಳುತ್ತಿದ್ದೆನಲ್ಲ! ಈರಮ್ಮನ ಮುಖದಲ್ಲಿ ಕೆಡುಕಿನ ಸುಳಿವೂ ಇರಲಿಲ್ಲ. ನಮ್ಮ ಹುಡುಗರ ಮರ್ಯಾದೆ ಹೋಯಿತಲ್ಲ ಎಂಬ ನಿಜವಾದ ಗಾಬರಿಯಿತ್ತು. ನನಗೆ ಹೆದರಿಕೆಯಾದದ್ದು ಅದನ್ನು ನೋಡಿ.

ಸುಂಕಮ್ಮ ತನ್ನ ಒದ್ದೆ ಕೈಗಳನ್ನೇ ನೋಡುತ್ತಿದ್ದಳು. "ನಂಗೂ ಗೊತ್ತಾಗ್ಲಿಲ್ರಿ ಸಾರ್. ಚೊಂಬು ಎತ್ತಿದ ಕೂಡ್ಲೇ ಕೈ ತಾವೇ ಮುಂದ ಬಂದುವು," ಎಂದಳು. ಕಣ್ಣು ತುಂಬಿತ್ತು. ಗೆಳೆಯರೆಲ್ಲರ ಮುಂದೆ ಹೀಗಾದ ಮೇಲೆ ಈ ಹುಡುಗಿ ತರಗತಿಯಲ್ಲಿ ಇನ್ನು ತಲೆಯೆತ್ತುವುದಿಲ್ಲ ಎಂದು ನನಗೆ ಭಯವಾಯಿತು.

"ಹೋಗೋಣ ನಡೀರಿ," ಎಂದೆ. ನನಗೆ ತೋಚಿದ ನ್ಯಾಯ ಅಷ್ಟೇ.

"ಬ್ಯಾಡ್ರಿ ಸಾರ್. ನಂದಿನ್ನ ನೀರಡಿಕಿ ಹೋಗಿಲ್ಲ." ಕಟ್ಟೆ ಹತ್ತಿ ಬಂದವಳೇ ನನ್ನ ಕೈಯ ಖಾಲಿ ಗ್ಲಾಸು ತೆಗೆದುಕೊಂಡು ಈರಮ್ಮನ ಮುಂದೆ ಹಿಡಿದಳು. "ಅಮ್ಮಾ, ಇದರಾಗ ಹಾಕ್ರಿ."

ಚೊಂಬು ಗಾಳಿಯಲ್ಲೇ ನಿಂತಿತು. ಅಷ್ಟು ಹುಡುಗರೂ ಈರಮ್ಮನನ್ನೇ ನೋಡುತ್ತಿದ್ದರು. ಆ ನೋಟಕ್ಕೋ ಏನೋ, ಕೊನೆಗೆ ನೀರು ಗ್ಲಾಸಿಗೆ ಬಿತ್ತು. ಸುಂಕಮ್ಮ ತುಟಿಗಿಟ್ಟು ಗಟಗಟನೆ ಕುಡಿದು, ಗ್ಲಾಸನ್ನು ತಟ್ಟೆಯಲ್ಲಿಟ್ಟಳು. ಹುಡುಗರೂ ಒಬ್ಬೊಬ್ಬರಾಗಿ ತಮ್ಮವನ್ನು ಅದರ ಸುತ್ತ ಒತ್ತೊತ್ತಾಗಿ ಇಟ್ಟರು.

ಹೊರಡುವಾಗ ಈರಮ್ಮ ನನ್ನನ್ನು ಪಕ್ಕಕ್ಕೆ ಕರೆದರು. "ಸಾರ್, ನೀವು ನೋಡೇ ಇರ್ತೀರಿ. ಆಕಿ ಕುಡದ ಗಲಾಸು ಇದರಾಗ ಯಾವುದು?"

ಕಣ್ಣು ಮಿಟುಕಿಸದೆ ನೋಡಿದ್ದೆ, ಇಗೋ, ನಡುವಿನದು. ಪಾಠದಲ್ಲಿ ಗೊತ್ತಿಲ್ಲದ್ದನ್ನೂ ಗೊತ್ತೆಂದೇ ಸಾಗಿಸುತ್ತ ಬಂದ ನಾನು, ಅಂದು ಗೊತ್ತಿದ್ದೂ "ಗೊತ್ತಿಲ್ರಮ್ಮ" ಎಂದೆ.

ಈರಮ್ಮ ತಟ್ಟೆಯನ್ನೇ ನೋಡುತ್ತ ನಿಂತರು. ಅಷ್ಟೊಂದು ಸ್ಟೀಲಿನ ಗ್ಲಾಸನ್ನು ಒಟ್ಟಿಗೆ ಬಿಸಾಡುವ ಹೆಂಗಸು ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ.