ಗಾಳಿಯಲ್ಲಿ ಬಾಗಿಲು ತೆರೆಯುವ ಮೇಷ್ಟ್ರು

ಮೂರನೇ ಮಹಡಿಯ ಮೇಷ್ಟ್ರಿಗೆ ತಲೆ ಕೆಟ್ಟಿದೆ ಎಂದು ನೆರೆಹೊರೆಯ ನಾವೆಲ್ಲ ಹೇಳುತ್ತಿದ್ದೆವು, ಏಕೆಂದರೆ ಸಂಜೆಯಾದರೆ ಸಾಕು, ಅವರು ತಾರಸಿಯಲ್ಲಿ ವಿಆರ್ ಕನ್ನಡಕ ಬಿಗಿದುಕೊಂಡು ಗಾಳಿಯಲ್ಲಿ ಬಾಗಿಲು ತೆರೆಯುತ್ತಿದ್ದರು, ಇಲ್ಲದ ಹೊಸ್ತಿಲು ದಾಟುತ್ತಿದ್ದರು, ಬಟ್ಟೆ ಒಣಹಾಕುವ ಕಂಬಕ್ಕೆ ಡಿಕ್ಕಿ ಹೊಡೆದು "ಸಾರಿ ಅಮ್ಮಾ, ನೋಡ್ಲಿಲ್ಲ" ಎನ್ನುತ್ತಿದ್ದರು. ಅವರ ತರಗತಿಯ ಮಕ್ಕಳು ಕಂಪ್ಯೂಟರಿನೊಳಗೆ ಐವತ್ತು ವರ್ಷ ಮುಂದಿನ ಊರು ಕಟ್ಟುತ್ತಿದ್ದರು. ಆ ಕನ್ನಡಕದೊಳಗೆ ಕಾಣುವ ಅದರ ಮನೆಮನೆಗೂ ಹೊಕ್ಕು ನೋಡುವುದು ಮೇಷ್ಟ್ರ ಕೆಲಸ. ಅವರ ಕಾನೂನು ಒಂದೇ: ಆ ಮನೆಯಲ್ಲಿ ಬದುಕುವವರ ಒಂದು ದಿನದ ಕಥೆ ಮೊದಲು, ಗೋಡೆ ಆಮೇಲೆ. ಕಥೆಯಿಲ್ಲದಿದ್ದರೆ ಅರಮನೆಯನ್ನೂ ಮುಲಾಜಿಲ್ಲದೆ ಅಳಿಸುತ್ತಿದ್ದರು. ಒಮ್ಮೆ ಮಕ್ಕಳು ಊರವರಿಗೆಲ್ಲ ರೆಕ್ಕೆ ಕೊಟ್ಟು, ಬಾಗಿಲುಗಳನ್ನೆಲ್ಲ ಆಕಾಶದಲ್ಲಿಟ್ಟರು. "ಏನ್ರಪ್ಪಾ, ನಿಮ್ಮಜ್ಜಿನೂ ಹಾರ್ತಾರಾ?" ಎಂದರು ಮೇಷ್ಟ್ರು. "ನಿಮ್ಮನೇಲಿ ಯಾರಿಗೆ ಹಾರಕ್ಕಾಗಲ್ಲ ಸಾರ್?" ಎಂದು ತರಲೆ ಹುಡುಗಿಯೊಬ್ಬಳು ಕೇಳಿದಾಗ ಅವರು ತಮ್ಮ ಮನೆಯ ಸಂಗತಿ ಹೇಳಿದರು. ಕಾಲಿನ ಬಲ ಹೋದ ಅವರ ಹೆಂಡತಿ, ಇಳಿಸಿದವರೇ ಮತ್ತೆ ಹತ್ತಿಸಬೇಕಲ್ಲ ಎಂಬ ಸಂಕೋಚಕ್ಕೆ, ಲಿಫ್ಟಿಲ್ಲದ ಆ ಮನೆಯಿಂದ ನಾಲ್ಕು ವರ್ಷ ಬೀದಿಗಿಳಿದಿರಲಿಲ್ಲ. ಹುಡುಗಿ ಆಕೆಯ ಒಂದು ದಿನದ ಕಥೆ ಬರೆದಳು. ತರಗತಿ ಅದಕ್ಕೊಪ್ಪುವ ಮನೆ ಕಟ್ಟಿತು. ಗಾಲಿಕುರ್ಚಿ ಹಿಡಿಸುವ ಬಾಗಿಲು, ಬೀದಿ ಕಾಣುವ ತಗ್ಗು ಕಿಟಕಿ. ಮೇಷ್ಟ್ರು ತಾರಸಿಯಲ್ಲಿ ತಿಂಗಳುಗಟ್ಟಲೆ ಇಲ್ಲದ ಕುರ್ಚಿ ತಳ್ಳಿ ನೋಡಿ, ಕೊನೆಗೆ ಅಂಥದ್ದೇ ನೆಲಮಹಡಿಯ ಮನೆ ಹುಡುಕಿದರು. ಮನೆ ಬಿಟ್ಟ ದಿನ, ತಲೆ ಕೆಟ್ಟಿದೆ ಎಂದಿದ್ದ ನಾವೇ ನಾಲ್ವರು ಆಕೆಯನ್ನು ಕುರ್ಚಿ ಸಮೇತ ಹೊತ್ತೆವು. ನಮ್ಮ ಮುಂದೆ ಮೇಷ್ಟ್ರು ಅಭ್ಯಾಸಬಲದಿಂದ ಗಾಳಿ ತಡವುತ್ತ ಇಳಿಯುತ್ತಿದ್ದರು. "ರೀ, ಇದು ನಿಜವಾದ ಮೆಟ್ಲು, ನೋಡ್ಕೊಂಡು ಇಳೀರಿ," ಎಂದರು ಆಕೆ. "ನಿಮ್ಮನ್ನ ಹೊರೋಕೆ ಯಾರೂ ಉಳಿದಿಲ್ಲ."