ಎಕ್ಸ್‌ಚೇಂಜ್ ಅಕ್ಕ ಹಿಡಿದ ತಪ್ಪು

ಆ ಆಸ್ಪತ್ರೆಯಲ್ಲಿ ಅವಳ ನಿಜವಾದ ಹೆಸರು ಹಾಜರಿ ಪುಸ್ತಕ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ದೊಡ್ಡ ಡಾಕ್ಟರಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರಿಗೂ ಅವಳು ಎಕ್ಸ್‌ಚೇಂಜ್ ಅಕ್ಕ. ಇಪ್ಪತ್ತೆರಡನೇ ವಯಸ್ಸಿಗೆ ಟೆಲಿಫೋನ್ ಬೋರ್ಡಿನ ಮುಂದೆ ಕೂತವಳು. ಯಾರ ಹೆಸರು ಹೇಳಿದರೂ ನಂಬರು ನಾಲಿಗೆ ತುದಿಯಲ್ಲಿರುತ್ತಿತ್ತು. ಬೋರ್ಡು ಗುಜರಿಗೆ ಹೋದಾಗ ಅವಳೂ ಮನೆ ಸೇರುತ್ತಾಳೆ ಎಂದುಕೊಂಡವರು ಬೆಪ್ಪಾದರು. ಮೂವತ್ತೆಂಟರಲ್ಲಿ ಕಂಪ್ಯೂಟರ್ ಕಲಿತು ಸರ್ವರ್ ಕೋಣೆಗೆ ಬಂದಳು.

ಅಲ್ಲಿ ಅವಳ ಪಾಲಿಗೆ ಬಂದದ್ದು ಡಿಎನ್‌ಎಸ್ ಸರ್ವರ್. ಅದರದ್ದೂ ಇವಳ ಹಳೆಯ ಕಸುಬೇ: ಕಂಪ್ಯೂಟರುಗಳು ಹೆಸರು ಹೇಳಿ ಕೇಳುತ್ತವೆ, ಇದು ನಂಬರು ಹುಡುಕಿ ಕೊಡುತ್ತದೆ, ಕೊಟ್ಟದ್ದನ್ನು ಕೆಲಕಾಲ ನೆನಪಿಟ್ಟುಕೊಳ್ಳುತ್ತದೆ. ಆದರೆ ಈ ವರ್ಷ ಅದರ ಮೆಮೊರಿ ಉಬ್ಬತೊಡಗಿತು. ಮೊದಲೆಲ್ಲ ಸೋಮವಾರಕ್ಕೊಮ್ಮೆ ರೀಸ್ಟಾರ್ಟ್ ಮಾಡಿ ಅದನ್ನು ಖಾಲಿ ಮಾಡಿದರೆ ಸಾಕಿತ್ತು. ಹೊಸ ಕಟ್ಟಡ ಶುರುವಾದ ಮೇಲೆ ಎರಡು ದಿನಕ್ಕೊಮ್ಮೆ ಮಾಡಬೇಕಾಯಿತು. ಪ್ರತಿಸಲವೂ ನಾಲ್ಕು ನಿಮಿಷ ಲ್ಯಾಬಿನ ರಿಪೋರ್ಟು ವಾರ್ಡಿಗೆ ಹೋಗುತ್ತಿರಲಿಲ್ಲ. ನರ್ಸುಗಳು ಕಾಗದ ಹಿಡಿದು ಮೆಟ್ಟಿಲು ಹತ್ತಿಳಿದು ಏದುಸಿರು ಬಿಡುತ್ತಿದ್ದರು.

"ನೋಡಿ ಅಕ್ಕ, ಶುಕ್ರವಾರದವರೆಗೆ ನೋಡ್ತೀನಿ," ಎಂದರು ಮ್ಯಾನೇಜರು. "ಆಮೇಲೆ ಹೊರಗಿನ ಕಂಪನಿಯವರಿಗೆ ಒಪ್ಪಿಸಿಬಿಡ್ತೀನಿ. ನೀವು ವಿಚಾರಣೆ ಕೌಂಟರಿನಲ್ಲಿ ಆರಾಮಾಗಿ ಕೂತ್ಕೊಳ್ಳಿ."

"ನಾನು ಆರಾಮ ಕೇಳಿದ್ನಾ ಸರ್?" ಎಂದವಳು ತಿರುಗಿ ನೋಡದೆ ಹೊರಟಳು.

ಕಂಪನಿಯವನೂ ಬಂದ. ಐದು ನಿಮಿಷ ಪರದೆ ನೋಡಿ "ಮೆಮೊರಿ ಜಾಸ್ತಿ ಹಾಕಿಸಿ" ಎಂದು ಹೋದ. ಅಷ್ಟು ಹೇಳುವುದಕ್ಕೆ ಕೋಟು ಬೇರೆ!

ಎಕ್ಸ್‌ಚೇಂಜಿನಲ್ಲಿ ಕಲಿತ ಒಂದು ಅಭ್ಯಾಸ ಅಕ್ಕನಿಗಿತ್ತು: ಲೈನು ಕೆಟ್ಟರೆ ಬೋರ್ಡು ಮುಟ್ಟುವ ಮೊದಲು, ಯಾರು ಯಾರನ್ನು ಕೇಳುತ್ತಿದ್ದಾರೆ ಎಂದು ಬರೆದುಕೊಳ್ಳುವುದು. ಬುಧವಾರ ಸರ್ವರಿನ ನೆನಪಿನಲ್ಲಿದ್ದದ್ದರಲ್ಲಿ ಒಂದಷ್ಟು ಪುಟ ಅಚ್ಚು ಹಾಕಿಸಿ, ಪೆನ್ಸಿಲ್ ಹಿಡಿದು ಓದಲು ಕೂತಳು. ಹತ್ತರಲ್ಲಿ ಒಂಬತ್ತು ಹೆಸರು ಅರ್ಥವಿಲ್ಲದ ಅಕ್ಷರಗಳ ಕಲಸುಮೇಲೋಗರ. ಎದುರಿಗೆ ಒಂದೇ ಉತ್ತರ: ಇಂಥ ಹೆಸರಿಲ್ಲ.

ಇದನ್ನೆಲ್ಲ ಕೇಳುತ್ತಿದ್ದವರು ಯಾರು? ಆಸ್ಪತ್ರೆಯ ಕಂಪ್ಯೂಟರುಗಳೇ. ಸರ್ವರ್ ಎಚ್ಚರವಾಗಿದೆಯೇ ಎಂದು ನೋಡಲು ಪ್ರತಿಯೊಂದರಲ್ಲೂ ಒಂದು ಪುಟ್ಟ ಪ್ರೋಗ್ರಾಮ್ ಇತ್ತು. ಅದು ಎರಡು ಸೆಕೆಂಡಿಗೊಮ್ಮೆ ಹೊಸದೊಂದು ಸುಳ್ಳು ಹೆಸರು ಹುಟ್ಟಿಸಿ ಕೇಳುತ್ತಿತ್ತು. ಪಾಪದ ಸರ್ವರ್, ಪ್ರತಿಯೊಂದು "ಇಲ್ಲ"ವನ್ನೂ ವಾರವಿಡೀ ನೆನಪಿಡುತ್ತಿತ್ತು. ಆ ಪ್ರೋಗ್ರಾಮ್ ಬರೆದಾಗ ಇಪ್ಪತ್ತು ಕಂಪ್ಯೂಟರುಗಳಿದ್ದವು, ಈಗ ಆರುನೂರು.

ಬರೆದ ಪುಣ್ಯಾತ್ಮ ಯಾರೆಂದು ಪ್ರೋಗ್ರಾಮಿನ ಮೊದಲ ಸಾಲು ನೋಡಿದಳು. ಒಂಬತ್ತು ವರ್ಷದ ಹಿಂದಿನ ತಾರೀಖು, ಪಕ್ಕದಲ್ಲಿ "ಎಕ್ಸ್‌ಚೇಂಜ್ ಅಕ್ಕ".

ಆ ಸಾಲು ಅಳಿಸಿದ್ದರೆ ನರಪಿಳ್ಳೆಗೂ ತಿಳಿಯುತ್ತಿರಲಿಲ್ಲ. ಸಂಜೆ, ಹೊಲಿಗೆ ಯಂತ್ರ ತುಳಿಯುತ್ತಿದ್ದ ಗಂಡನನ್ನು ಕೇಳಿದಳು, "ಹೇಳಿಬಿಡ್ಲಾ?"

"ಬೇರೆಯವರ ತಪ್ಪಾಗಿದ್ರೆ?"

"ಮುಖಕ್ಕೆ ಹಿಡಿದು ತೋರಿಸ್ತಿದ್ದೆ."

"ಮತ್ತೆ ನನ್ನ ತಲೆ ಯಾಕೆ ತಿಂತೀಯ?" ಎಂದು ಅವನು ಹಲ್ಲಿನಿಂದ ದಾರ ಕಡಿದ.

ಗುರುವಾರ ಪ್ರೋಗ್ರಾಮನ್ನು ತಿದ್ದಿದಳು. ಇನ್ನು ಮೇಲೆ ಗೊತ್ತಿರುವ ಒಂದೇ ಹೆಸರು ಕೇಳಬೇಕು. "ಇಲ್ಲ" ಎಂಬ ಉತ್ತರ ಸರ್ವರಿಗೆ ಐದೇ ನಿಮಿಷ ನೆನಪಿರಬೇಕು. ಕೊನೆಯ ಸಲ ರೀಸ್ಟಾರ್ಟ್ ಮಾಡಿದಳು. ಮರುದಿನ ಬೆಳಿಗ್ಗೆಯೂ ಪರದೆಯ ಮೇಲೆ ಮೆಮೊರಿಯ ಗೆರೆ ಏರದೆ ನೆಟ್ಟಗೆ ಮಲಗಿತ್ತು.

ಮ್ಯಾನೇಜರ ಮೇಜಿನ ಮೇಲೆ ವರದಿ ಇಟ್ಟಳು, ಅದರ ಮೇಲೆ ಸರ್ವರ್ ಕೋಣೆಯ ಬೀಗದ ಕೈ. "ತಪ್ಪು ನಂದೇ ಸರ್. ಹುಡುಕಿ ಸರಿ ಮಾಡಿದ್ದೂ ನಾನೇ."

ಅವರು ಎರಡು ಸಲ ಓದಿದರು. "ನಿಮ್ಮ ಹೆಸರು ಯಾಕೆ ಬರೆದ್ರಿ ಅಕ್ಕ? ಯಾರು ಕೇಳ್ತಿದ್ರು?"

"ಬರೀದಿದ್ರೆ ನನ್ನ ನಂತರ ಬರೋರು ಮತ್ತೆ ಇದನ್ನೇ ಮಾಡ್ತಾರೆ. ನಾನಿರಲಿ ಬಿಡಲಿ, ರಿಪೋರ್ಟು ವಾರ್ಡಿಗೆ ಹೋಗ್ಬೇಕು."

ಮ್ಯಾನೇಜರು ಬೀಗದ ಕೈಯನ್ನು ಅವಳತ್ತ ತಳ್ಳಿದರು. "ಹಾಗಾದ್ರೆ ಹೊಸ ಕಟ್ಟಡದ ಕೆಲಸವನ್ನೂ ನೀವೇ ನೋಡ್ಕೊಳ್ಳಿ. ಕಂಪನಿಯವರಿಗೆ ಬೇಡ ಅಂತ ಈಗಲೇ ಫೋನ್ ಮಾಡ್ತೀನಿ."

"ನಂಬರು ಕೊಡ್ಲಾ ಸರ್?" ಎಂದಳು ಅಕ್ಕ, ಬೀಗದ ಕೈ ಮುಷ್ಟಿಯಲ್ಲಿ ಬಿಗಿಹಿಡಿದು. ಹೆಮ್ಮೆಯನ್ನು ಬಚ್ಚಿಡುವ ಗೋಜಿಗೂ ಅವಳು ಹೋಗಲಿಲ್ಲ.